ಮೊದಲು ಬ್ರೇಕ್ ಆಯಿಲ್, ಆಮೇಲೆ ಸ್ಟೀಲ್ ಹೋಸ್

"ಸ್ಟೀಲ್ ಬ್ರೇಡೆಡ್ ಹೋಸ್ ಹಾಕಿದರೆ ಬ್ರೇಕ್ ಚೆನ್ನಾಗಿ ಹಿಡಿಯುತ್ತದಾ?" ನನ್ನ ಬೈಕಿನ ಮುಂದಿನ ಚಕ್ರದ ಹತ್ತಿರ ಬಗ್ಗಿ ನೋಡುವ ಗೆಳೆಯರೆಲ್ಲ ಕೇಳುವ ಪ್ರಶ್ನೆ ಇದು. ಲಿವರಿನ ಕಡೆಯಿಂದ ಚಕ್ರದ ಬ್ರೇಕಿಗೆ ಆಯಿಲ್ ಒಯ್ಯುವ, ಸ್ಟೀಲ್ ತಂತಿ ಹೆಣೆದ ಕೊಳವೆಯ ಮಾತು ಅದು. ನಾನು ತಿರುಗಿ ಕೇಳುವುದೂ ಒಂದೇ ಪ್ರಶ್ನೆ. ನಿಮ್ಮ ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ವರ್ಷವಾಯಿತು? ಎಂಜಿನ್ ಆಯಿಲ್ ಹಾಕಿಸಿದ ಕಿಲೋಮೀಟರ್ ಎಲ್ಲರಿಗೂ ಬಾಯಲ್ಲೇ ಇರುತ್ತದೆ. ಬ್ರೇಕ್ ಆಯಿಲ್ ವಿಷಯಕ್ಕೆ ಬಂದರೆ ಸುಮ್ಮನಾಗುತ್ತಾರೆ.

ಹೋಸ್ ಬದಲಾಯಿಸುವುದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ನಾನೇ ಹಾಕಿದ್ದೇನೆ, ಇನ್ನೊಂದು ಬೈಕ್ ತಗೊಂಡರೂ ಹಾಕುತ್ತೇನೆ. ಆದರೆ ಅದು ಎಷ್ಟು ಕೊಡುತ್ತದೆ, ಯಾವುದನ್ನು ಕೊಡುವುದಿಲ್ಲ ಅನ್ನುವುದು ಗೊತ್ತಿರಬೇಕು. ದುಡ್ಡು ಕೊಟ್ಟು ಹೊಳೆಯುವ ಹೋಸ್ ಹಾಕಿಸಿ, ಒಳಗೆ ಅದೇ ಹಳೆಯ ಕಂದು ಆಯಿಲ್ ಇಟ್ಟುಕೊಂಡು ಘಾಟಿ ಇಳಿಯುವವರನ್ನು ಕಂಡರೆ ನನಗೆ ನಿಜವಾಗಿ ಹೆದರಿಕೆಯಾಗುತ್ತದೆ.

ನಾನಿರುವುದು ಚಿಕ್ಕಮಗಳೂರಿನಲ್ಲಿ. ಮಂಗಳೂರಿನ ಕಡೆ ಹೋಗಬೇಕಾದರೆ ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯಬೇಕು. ಬೈಕು 2017ರದ್ದು, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ. ಮುಂದೆ 300 ಮಿಲಿಮೀಟರ್ ಡಿಸ್ಕ್, ಎರಡು ಪಿಸ್ಟನ್ನಿನ ಕ್ಯಾಲಿಪರ್, ಅಂದರೆ ಪ್ಯಾಡುಗಳಿಂದ ಡಿಸ್ಕನ್ನು ಎರಡೂ ಕಡೆ ಅದುಮುವ ಭಾಗ. ಹಿಂದೆ 240 ಮಿಲಿಮೀಟರ್ ಡಿಸ್ಕ್. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಉದ್ದ, ಹಾಗಾಗಿ ಮುಂದಿನ ಹೋಸೂ ಉದ್ದ. ಈ ಉದ್ದದ ಮಾತು ಆಮೇಲೆ ಬರುತ್ತದೆ.

ಮೊದಲು ಲಿವರ್ ಹಿಡಿದಾಗ ಏನಾಗುತ್ತದೆ ನೋಡೋಣ. ಬೆರಳಲ್ಲಿ ಸುಮಾರು 10 ಕೆಜಿ ಬಲ ಹಾಕಿದಿರಿ ಅಂತಿಟ್ಟುಕೊಳ್ಳಿ. ಲಿವರ್ ಅದನ್ನು ಆರು ಪಟ್ಟು ಮಾಡಿದರೆ, ಲಿವರಿನ ಬುಡದಲ್ಲಿ ಆಯಿಲನ್ನು ಹೋಸಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮೇಲೆ 60 ಕೆಜಿ ಬೀಳುತ್ತದೆ. ಆ ಪಿಸ್ಟನ್ ಅರ್ಧ ಇಂಚಿನದಾದರೆ ಅದರ ಮುಖ 1.27 ಚದರ ಸೆಂಟಿಮೀಟರ್. ಲೆಕ್ಕ ಹಾಕಿದರೆ ಹೋಸಿನೊಳಗೆ ಪ್ರತಿ ಚದರ ಸೆಂಟಿಮೀಟರಿಗೆ 47 ಕೆಜಿ ಒತ್ತಡ. ಟೈರಿನೊಳಗಿನ ಗಾಳಿಯ ಒತ್ತಡ ಸುಮಾರು 2 ಕೆಜಿ. ಅದರ ಇಪ್ಪತ್ತು ಪಟ್ಟಿಗಿಂತ ಜಾಸ್ತಿ. ಅದೂ ಸಾಧಾರಣ ಬ್ರೇಕಿಗೆ. ಎದುರಿಗೆ ಬಸ್ ನುಗ್ಗಿ ಬಂದಾಗ ಹಿಡಿಯುವ ಬ್ರೇಕಿಗೆ ಇದು ಎರಡು ಪಟ್ಟಾಗಬಹುದು.

ಈ ಒತ್ತಡಕ್ಕೆ ರಬ್ಬರ್ ಹೋಸ್ ಸ್ವಲ್ಪ ಉಬ್ಬುತ್ತದೆ. ಹೊಸದಿದ್ದಾಗ ತುಂಬಾ ಕಮ್ಮಿ, ಹಳೆಯದಾಗುತ್ತಾ ಹೋದಂತೆ ಜಾಸ್ತಿ. ಹೋಸಿನೊಳಗೆ ಬರೀ 0.2 ಮಿಲಿಲೀಟರ್ ಜಾಗ ಹೆಚ್ಚಾಯಿತು ಅಂದುಕೊಳ್ಳಿ. ನಾಲ್ಕು ಹನಿ ಅಷ್ಟೇ. ಅಷ್ಟನ್ನು ತುಂಬಲು ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಒಂದೂವರೆ ಮಿಲಿಮೀಟರ್ ಜಾಸ್ತಿ ಓಡಬೇಕು. ಲಿವರ್ ತುದಿಯಲ್ಲಿ ಅದು ಸುಮಾರು 9 ಮಿಲಿಮೀಟರ್. ನಾಲ್ಕು ಹನಿಯ ಉಬ್ಬು ನಿಮ್ಮ ಬೆರಳಿಗೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಸಡಿಲವಾಗಿ ಗೊತ್ತಾಗುತ್ತದೆ. ಲಿವರ್ ಮೆತ್ತಗಿದೆ ಅಂತ ನಾವು ಹೇಳುವುದು ಇದಕ್ಕೇ.

ಸ್ಟೀಲ್ ಹೋಸ್ ಈ ಉಬ್ಬನ್ನು ಹಿಡಿದಿಡುತ್ತದೆ. ಒಳಗೆ ಪಿಟಿಎಫ್ಇ ಕೊಳವೆ, ಅಂದರೆ ನಾನ್‌ಸ್ಟಿಕ್ ತವಾ ಮೇಲೆ ಬಳಿಯುವ ಅದೇ ವಸ್ತು. ಅದರ ಸುತ್ತ ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಹೆಣಿಗೆ. ಒಳ್ಳೆಯ ಹೋಸಿಗೆ ಅದರ ಮೇಲೂ ಒಂದು ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಪಿಟಿಎಫ್ಇ ರಬ್ಬರಿನ ಹಾಗೆ ಮುಪ್ಪಾಗುವುದಿಲ್ಲ, ಬ್ರೇಕ್ ಆಯಿಲ್‌ನಿಂದ ಅದಕ್ಕೆ ಏನೂ ಆಗುವುದಿಲ್ಲ. ಬೆರಳು ಎಷ್ಟು ಒತ್ತಿತೋ ಅಷ್ಟು ಪ್ಯಾಡಿಗೆ ಮುಟ್ಟುತ್ತದೆ. ಒದ್ದೆ ರಸ್ತೆಯಲ್ಲಿ ಚಕ್ರ ಲಾಕ್ ಆಗುವ ಹಂತಕ್ಕೆ ಬಂತು ಅನ್ನುವುದು ಬೆರಳಿಗೆ ಬೇಗ ತಿಳಿಯುತ್ತದೆ. ಎಬಿಎಸ್ ಇಲ್ಲದ ಬೈಕಿನವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತಿರುತ್ತದೆ.

ಹಾಗಂತ ಬೈಕು ಮೊದಲಿಗಿಂತ ಹತ್ತು ಅಡಿ ಮುಂಚೆ ನಿಲ್ಲುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗಾಡಿ ನಿಲ್ಲಿಸುವುದು ಟೈರು ಮತ್ತು ರಸ್ತೆ ನಡುವಿನ ಹಿಡಿತ. ಬ್ರೇಕಿಗೆ ಬಲ ಕೊಡುವುದು ಪ್ಯಾಡು, ಡಿಸ್ಕು, ಪಿಸ್ಟನ್ ಅಳತೆ. ಹೋಸ್ ಬರೀ ಸಂದೇಶ ಮುಟ್ಟಿಸುತ್ತದೆ, ಅಷ್ಟೇ. ಸವೆದ ಪ್ಯಾಡಿಗೆ, ಬೋಳು ಟೈರಿಗೆ ಸ್ಟೀಲ್ ಹೋಸ್ ಮದ್ದಲ್ಲ.

ಈಗ ಆಯಿಲ್‌ಗೆ ಬರೋಣ. ನನ್ನ ಮಟ್ಟಿಗೆ ಇಡೀ ಬ್ರೇಕಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು.

ನಮ್ಮ ಬೈಕುಗಳಿಗೆ ಹಾಕುವುದು ಹೆಚ್ಚಾಗಿ ಡಾಟ್ 4 ದರ್ಜೆಯ ಆಯಿಲ್. ಇದು ಗ್ಲೈಕಾಲ್ ಜಾತಿಯದು. ಗಾಳಿಯಲ್ಲಿರುವ ತೇವವನ್ನು ಸದಾ ಹೀರುತ್ತಿರುತ್ತದೆ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಕೆಳಗಿನ ರಬ್ಬರ್ ಪದರದ ಮೂಲಕವೂ ಹೀರುತ್ತದೆ, ರಬ್ಬರ್ ಹೋಸಿನ ಗೋಡೆಯ ಮೂಲಕವೂ ಹೀರುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ. ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ರಲ್ಲಿ ಇದೇ ಲೆಕ್ಕ 205 ಮತ್ತು 140, ಡಾಟ್ 5.1ರಲ್ಲಿ 260 ಮತ್ತು 180. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಮಲೆನಾಡಿನಲ್ಲಿ ಆಯಿಲ್ ಎಷ್ಟು ತೇವ ಕುಡಿಯಬಹುದು ಯೋಚಿಸಿ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಮ್ಯಾನ್ಯುಯಲ್‌ಗಳಲ್ಲಿ ಇರುತ್ತದೆ. ನಮ್ಮ ಕಡೆಯವರು ವರ್ಷಕ್ಕೊಮ್ಮೆ ಮಾಡಿದರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಅದೂ ಮಳೆಗಾಲ ಮುಗಿದ ಮೇಲೆ.

ಇನ್ನು ಘಾಟಿಯ ಲೆಕ್ಕ. ನಾನು, ಬೈಕು, ಸಾಮಾನು ಸೇರಿ ಸುಮಾರು 250 ಕೆಜಿ. ಈ ತೂಕ 100 ಮೀಟರ್ ಎತ್ತರ ಇಳಿದರೆ 245 ಕಿಲೋಜೂಲ್ ಶಕ್ತಿ ಎಲ್ಲಾದರೂ ಖರ್ಚಾಗಲೇಬೇಕು. ಇದು ಮುಕ್ಕಾಲು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಬಿಸಿ. ಅದೇ ಬೈಕನ್ನು 60 ಕಿಲೋಮೀಟರ್ ವೇಗದಿಂದ ಪೂರ್ತಿ ನಿಲ್ಲಿಸಲು ಬೇಕಾಗುವುದು ಸುಮಾರು 35 ಕಿಲೋಜೂಲ್. ಅಂದರೆ ಪ್ರತಿ 100 ಮೀಟರ್ ಇಳಿಜಾರು ಏಳು ಸಲ ಗಾಡಿಯನ್ನು ಪೂರ್ತಿ ನಿಲ್ಲಿಸಿದ್ದಕ್ಕೆ ಸಮ. ಚಾರ್ಮಾಡಿಯಲ್ಲಾಗಲೀ, 14 ಹೇರ್‌ಪಿನ್ ತಿರುವಿನ ಆಗುಂಬೆಯಲ್ಲಾಗಲೀ ಇಳಿಯುವುದು ಹಲವು ನೂರು ಮೀಟರ್. ಆ ಬಿಸಿಯಲ್ಲಿ ಸ್ವಲ್ಪ ಗಾಳಿಗೆ, ಸ್ವಲ್ಪ ಎಂಜಿನ್ನಿಗೆ ಹೋಗುತ್ತದೆ. ನ್ಯೂಟ್ರಲ್ ಮಾಡಿ ಇಳಿಯುವವರು ಎಂಜಿನ್ನಿನ ಪಾಲನ್ನೂ ಬ್ರೇಕಿನ ಮೇಲೇ ಹಾಕುತ್ತಾರೆ. ಪೆಟ್ರೋಲ್ ಉಳಿಸಲು ಹಾಗೆ ಇಳಿಯುವವರನ್ನು ನಾನು ಈಗಲೂ ನೋಡುತ್ತೇನೆ. ದಯವಿಟ್ಟು ಬೇಡ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ.

ಒಂದು ಆಗಸ್ಟ್‌ನಲ್ಲಿ ಚಾರ್ಮಾಡಿ ಇಳಿಯುತ್ತಿದ್ದೆ. ಮಂಜು, ಮುಂದೆ ಸಾಲು ಸಾಲು ವಾಹನ, ನಡೆಯುವ ವೇಗ. ಎರಡನೇ ಗೇರಿನಲ್ಲಿದ್ದರೂ ಪದೇ ಪದೇ ಬ್ರೇಕ್ ಹಿಡಿಯಬೇಕಾಗುತ್ತಿತ್ತು. ಅರ್ಧ ದಾರಿಯಲ್ಲಿ ಹಿಂದಿನ ಪೆಡಲ್ ಹಗುರಾಯಿತು. ಮತ್ತೆ ಒತ್ತಿದೆ, ಇನ್ನೂ ಕೆಳಗೆ ಹೋಯಿತು. ಮುಂದಿನ ಬ್ರೇಕ್ ಸರಿಯಿತ್ತು, ಬದಿಗೆ ನಿಲ್ಲಿಸಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಪೆಡಲ್ ಮೊದಲಿನಂತೆಯೇ ಗಟ್ಟಿ. ಎಲ್ಲೂ ಸೋರಿಲ್ಲ, ಡಬ್ಬಿಯಲ್ಲಿ ಆಯಿಲ್ ಮಟ್ಟವೂ ಸರಿಯಾಗಿದೆ. ಒಳಗಿನ ಆಯಿಲ್ ಕುದಿದು ಆವಿಯಾಗಿತ್ತು. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಹಾಗಾಗಿ ಕಾಲು ಒತ್ತಿದ್ದೆಲ್ಲ ಆವಿ ಕುಗ್ಗಿಸಲು ಹೋಯಿತು, ಪ್ಯಾಡಿಗೆ ಏನೂ ಮುಟ್ಟಲಿಲ್ಲ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಯಿತು. ಈ ಕಾಯಿಲೆಯ ಅಪಾಯ ಇರುವುದೇ ಇಲ್ಲಿ. ಮೆಕ್ಯಾನಿಕ್ ಹತ್ತಿರ ಹೋಗುವಷ್ಟರಲ್ಲಿ ಯಾವ ಗುರುತೂ ಉಳಿದಿರುವುದಿಲ್ಲ. "ಎಲ್ಲ ಸರಿ ಇದೆಯಲ್ಲ ಸಾರ್" ಅನ್ನುತ್ತಾರೆ. ಅವರು ನೋಡುವಾಗ ಸರಿಯಾಗಿಯೇ ಇರುತ್ತದೆ.

ಅದಕ್ಕೂ ಕೆಲವು ತಿಂಗಳ ಹಿಂದಿನ ಸರ್ವಿಸ್ ಬಿಲ್ಲಿನಲ್ಲಿ ಬ್ರೇಕ್ ಆಯಿಲ್ ಬದಲಾಯಿಸಿದ್ದಕ್ಕೆ ದುಡ್ಡು ಹಾಕಿದ್ದರು. ಮನೆಗೆ ಬಂದು ಹಿಂದಿನ ಕ್ಯಾಲಿಪರಿನ ನಿಪ್ಪಲ್ (ಆಯಿಲ್ ಹೊರಬಿಡುವ ಸಣ್ಣ ತಿರುಪು) ಬಿಚ್ಚಿದಾಗ ಹೊರಬಂದದ್ದು ಕಷಾಯದ ಬಣ್ಣದ ಆಯಿಲ್. ಮೇಲಿನ ಡಬ್ಬಿಯಲ್ಲಿದ್ದದ್ದನ್ನು ಮಾತ್ರ ತೆಗೆದು ಹೊಸದು ಸುರಿದಿದ್ದರು. ಬಿಸಿಯಾಗುವುದು ಕೆಳಗೆ ಕ್ಯಾಲಿಪರಿನಲ್ಲಿ. ಅಲ್ಲಿ ಹಳೆಯದೇ ಕೂತಿತ್ತು. ಅವತ್ತಿನಿಂದ ಬ್ರೇಕಿನ ಕೆಲಸ ನನ್ನದೇ.

ನಮ್ಮ ಹಿಂದಿನ ತಲೆಮಾರಿಗೆ ಇದು ಹೊಸದೇನಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿ ಇಟ್ಟುಕೊಂಡವರು ಡ್ರಮ್ ಬ್ರೇಕಿನ ನಟ್ಟನ್ನು ಮನೆ ಅಂಗಳದಲ್ಲೇ ತಿರುಗಿಸಿ ಸರಿಮಾಡಿಕೊಳ್ಳುತ್ತಿದ್ದರು. ಕೇಬಲ್ಲಿಗೆ ಎಣ್ಣೆ ಬಿಡುತ್ತಿದ್ದರು. ಹೋಂಡಾ 1969ರಲ್ಲಿ ತನ್ನ ಸಿಬಿ 750ಕ್ಕೆ ಮುಂದೆ ಹೈಡ್ರಾಲಿಕ್ ಡಿಸ್ಕ್ ಹಾಕಿತು. ಆಮೇಲೆ ನಿಧಾನವಾಗಿ ಎಲ್ಲ ಕಡೆ ಅದೇ ಬಂತು. ನಮ್ಮಲ್ಲಿ ಡಿಸ್ಕ್ ಬ್ರೇಕ್ ಬಂದ ಮೇಲೆ ಮಾತ್ರ ಜನ ಕೈ ಹಾಕಲು ಹೆದರತೊಡಗಿದರು. ಹೆದರಿಕೆ ತಪ್ಪಲ್ಲ. ಆದರೆ ತಿಳಿದುಕೊಂಡು, ಅವಸರ ಮಾಡದೆ ಕೂತರೆ ಇದು ಮನೆಯಲ್ಲಿ ಮಾಡಬಹುದಾದ ಕೆಲಸವೇ.

ಹೋಸ್ ಕೊಳ್ಳುವಾಗ ನೋಡಬೇಕಾದ್ದು ಎರಡು ವಿಷಯ. ನಿಮ್ಮ ಬೈಕಿಗೆಂದೇ ಅಳತೆ ಮಾಡಿದ ಕಿಟ್ ಇರಬೇಕು, ಮತ್ತು ತುದಿಗಳನ್ನು ಕೂರಿಸಿ ಒತ್ತಡದ ಪರೀಕ್ಷೆ ಮಾಡಿದ ಗುರುತು ಇರಬೇಕು. ಹೆಲ್, ಗುಡ್‌ರಿಜ್, ವೆನ್‌ಹಿಲ್, ಗಾಲ್ಫರ್ ಇಂಥ ಹೆಸರುಗಳು ಇದಕ್ಕೇ ಪ್ರಸಿದ್ಧ. ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಹುಡುಕಿದರೆ ಎಲ್ಲ ಬೆಲೆಯದೂ ಸಿಗುತ್ತದೆ. ಹೆಸರಿಲ್ಲದ, ಗುರುತಿಲ್ಲದ ಅಗ್ಗದ ಹೋಸ್ ಹಾಕುವುದಕ್ಕಿಂತ ಕಂಪನಿಯ ಹೊಸ ರಬ್ಬರ್ ಹೋಸ್ ಹಾಕುವುದು ಎಷ್ಟೋ ಮೇಲು. ನಾಲ್ಕು ವರ್ಷಕ್ಕೊಮ್ಮೆ ರಬ್ಬರ್ ಹೋಸ್ ಬದಲಾಯಿಸಿ ಅಂತ ಹಲವು ಕಂಪನಿಗಳೇ ಹೇಳುತ್ತವೆ. ಯಾರೂ ಮಾಡುವುದಿಲ್ಲ. ಹಳೆಯ ರಬ್ಬರ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿ ದಾರಿ ಮುಚ್ಚಬಹುದು. ಆಗ ಆಯಿಲ್ ಒತ್ತಡದಿಂದ ಕೆಳಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಬ್ರೇಕ್ ಬಿಟ್ಟರೂ ಚಕ್ರ ಹಿಡಿದುಕೊಂಡೇ ಇರುತ್ತದೆ. ಮೈಲೇಜ್ ಕಮ್ಮಿಯಾಯಿತು ಅಂತ ಎಂಜಿನ್ ಬಿಚ್ಚಿಸುವ ಮೊದಲು ಡಿಸ್ಕ್ ಬಿಸಿಯಾಗಿದೆಯಾ ನೋಡಬೇಕು.

ಕೆಲಸ ಶುರುಮಾಡುವ ಮೊದಲು ಟ್ಯಾಂಕಿನ ಮೇಲೆ ದಪ್ಪ ಬಟ್ಟೆ ಹೊದಿಸಿ, ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಳ್ಳಿ. ಬ್ರೇಕ್ ಆಯಿಲ್ ಬಿದ್ದರೆ ಪೇಂಟ್ ಎದ್ದುಬರುತ್ತದೆ. ಬಿದ್ದ ಕೂಡಲೇ ನೀರು ಸುರಿದರೆ ತೊಳೆದುಹೋಗುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಬೇಕೇ ಬೇಕು.

ಹಳೆಯ ಹೋಸ್ ಬಿಚ್ಚುವ ಮೊದಲು ಅದು ಎಲ್ಲೆಲ್ಲಿ ಹಾದುಹೋಗಿದೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಹೊಸದನ್ನು ಅದೇ ದಾರಿಯಲ್ಲಿ ಕೂರಿಸಿ, ಬೋಲ್ಟ್ ಬಿಗಿಮಾಡುವ ಮುಂಚೆ ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿ. ಆಮೇಲೆ ಬೈಕನ್ನು ಎತ್ತಿ ನಿಲ್ಲಿಸಿ, ಮುಂದಿನ ಚಕ್ರ ನೆಲ ಬಿಟ್ಟು ಫೋರ್ಕ್ ಪೂರ್ತಿ ಇಳಿದಾಗಲೂ ಹೋಸ್ ಎಳೆದುಕೊಳ್ಳಬಾರದು. ಉದ್ದ ಫೋರ್ಕಿನ ಬೈಕುಗಳಲ್ಲಿ ಇದನ್ನು ಮರೆಯಲೇಬಾರದು. ನಿಂತ ಜಾಗದಲ್ಲಿ ಸರಿಯಾಗಿ ಕಂಡ ಹೋಸು ಮೊದಲ ದೊಡ್ಡ ಹಂಪ್‌ನಲ್ಲಿ ಜಗ್ಗಬಹುದು. ಹೋಸ್ ತಿರುಚಿಕೊಂಡಿರಲೂಬಾರದು. ಸ್ಟೀಲ್ ಹೆಣಿಗೆ ಎಲ್ಲಿ ಉಜ್ಜಿದರೂ ಪೇಂಟು, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತದೆ. ಉಜ್ಜುವ ಕಡೆ ರಬ್ಬರ್ ತೊಡಿಸಿ.

ಹೋಸಿನ ತುದಿಯನ್ನು ಹಿಡಿಯುವ ಬ್ಯಾಂಜೋ ಬೋಲ್ಟಿಗೆ ಎರಡು ತಾಮ್ರದ ವಾಷರ್ ಬರುತ್ತವೆ, ಮೇಲೊಂದು ಕೆಳಗೊಂದು. ಅವು ಒತ್ತಿಕೊಂಡು ಚಪ್ಪಟೆಯಾಗಿ ಸೋರಿಕೆ ತಡೆಯುತ್ತವೆ. ಒಂದು ಸಲ ಚಪ್ಪಟೆಯಾದದ್ದನ್ನು ಮತ್ತೆ ಬಳಸಬೇಡಿ. ಎಷ್ಟು ಬಿಗಿ ಅನ್ನುವುದು ನಿಮ್ಮ ಬೈಕಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಬಿಗಿ ಅಳೆಯುವ ಟಾರ್ಕ್ ವ್ರೆಂಚ್ ಇಲ್ಲದಿದ್ದರೆ ಯಾರಿಂದಲಾದರೂ ತನ್ನಿ, ಅಂದಾಜಿನಲ್ಲಿ ಮಾಡಬೇಡಿ. ಮಾಸ್ಟರ್ ಸಿಲಿಂಡರ್ ಅಲ್ಯೂಮಿನಿಯಂ. ಅದರಲ್ಲಿ ಬೋಲ್ಟ್ ಕೂರುವ ಮರೆ (ಥ್ರೆಡ್) ಹೋದರೆ ಆ ಭಾಗವೇ ಹೋದಂತೆ. ಕಿಟ್ಟಿನ ಬೋಲ್ಟು ಹಳೆಯದರ ಪಕ್ಕ ಇಟ್ಟು ಮರೆ ಹೋಲಿಸಿ ನೋಡಿ. 10 ಮಿಲಿಮೀಟರ್ ಬೋಲ್ಟಿನಲ್ಲೇ ಮರೆಯ ಅಂತರ 1.0 ಮಿಲಿಮೀಟರ್ ಇರುವುದೂ ಇದೆ, 1.25 ಇರುವುದೂ ಇದೆ. ತಪ್ಪಾದದ್ದು ಎರಡು ಸುತ್ತು ಹೋಗಿ ಸಿಕ್ಕಿಕೊಳ್ಳುತ್ತದೆ.

ಆಮೇಲೆ ಗಾಳಿ ತೆಗೆಯುವುದು. ತಾಳ್ಮೆ ಬೇಕಾಗುವುದು ಇಲ್ಲಿ. ನಿಪ್ಪಲ್ಲಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ಇನ್ನೊಂದು ತುದಿ ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ಲಿವರ್ ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದು, ನಿಪ್ಪಲ್ ಸ್ವಲ್ಪ ಸಡಿಲಿಸಿ, ಮತ್ತೆ ಬಿಗಿಮಾಡಿ, ಆಮೇಲೆ ಲಿವರ್ ಬಿಡಿ. ಈ ಕ್ರಮ ತಪ್ಪಬಾರದು. ನಿಪ್ಪಲ್ ತೆರೆದಿರುವಾಗ ಲಿವರ್ ಬಿಟ್ಟರೆ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಡಬ್ಬಿ ಒಂದು ಸಲವೂ ಖಾಲಿಯಾಗಬಾರದು. ಹೊಸ ಹೋಸ್ ಪೂರ್ತಿ ಗಾಳಿಯಿಂದ ತುಂಬಿರುವುದರಿಂದ ಮೊದಲಿಗೆ ಲಿವರಿಗೆ ಏನೂ ಸಿಗುವುದಿಲ್ಲ. ಆಗ ಮೆಡಿಕಲ್ ಶಾಪಿನ ದೊಡ್ಡ ಸಿರಿಂಜ್ ನೆರವಿಗೆ ಬರುತ್ತದೆ. ಕೆಳಗಿನ ನಿಪ್ಪಲ್ಲಿನಿಂದ ಹೊಸ ಆಯಿಲನ್ನು ನಿಧಾನವಾಗಿ ಮೇಲಕ್ಕೆ ತಳ್ಳಿದರೆ ಗಾಳಿ ತಾನು ಹೋಗಬೇಕಾದ ದಿಕ್ಕಿಗೇ, ಮೇಲಕ್ಕೇ ಹೋಗುತ್ತದೆ. ಸಿರಿಂಜಿನ ರಬ್ಬರು ಈ ಆಯಿಲಿಗೆ ಬೇಗ ಹಾಳಾಗುತ್ತದೆ, ಒಂದೇ ಸಲಕ್ಕೆ ಬಳಸಿ ಎಸೆಯಿರಿ.

ಕೊನೆಯ ಸ್ವಲ್ಪ ಗಾಳಿ ಸಾಮಾನ್ಯವಾಗಿ ಮೇಲೆ, ಮಾಸ್ಟರ್ ಸಿಲಿಂಡರಿನ ಬ್ಯಾಂಜೋ ಹತ್ತಿರವೇ ಅಡಗಿರುತ್ತದೆ. ಕೆಳಗೆ ಎಷ್ಟು ಆಯಿಲ್ ಬಿಟ್ಟರೂ ಅದು ಅಲ್ಲಾಡುವುದಿಲ್ಲ. ಅದಕ್ಕೆ ಬೋಲ್ಟಿನ ಸುತ್ತ ಬಟ್ಟೆ ಸುತ್ತಿ, ಲಿವರ್ ಒತ್ತಿ ಹಿಡಿದು, ಬೋಲ್ಟನ್ನು ಕೂದಲೆಳೆಯಷ್ಟು ಸಡಿಲಿಸಿ ಬಿಗಿಮಾಡಬೇಕು. ರಾತ್ರಿಯಿಡೀ ಲಿವರನ್ನು ಸೈಕಲ್ ಟ್ಯೂಬಿನ ತುಂಡಿನಿಂದ ಹ್ಯಾಂಡಲಿಗೆ ಬಿಗಿದು ಕಟ್ಟುವುದೂ ಉಪಯೋಗಕ್ಕೆ ಬರುತ್ತದೆ. ಸಣ್ಣ ಗುಳ್ಳೆಗಳು ಕೊಳವೆಯ ಗೋಡೆ ಬಿಟ್ಟು ಮೇಲೆ ಸೇರುತ್ತವೆ. ಬೆಳಿಗ್ಗೆ ಬಿಚ್ಚಿ ಮೆಲ್ಲಗೆ ಲಿವರ್ ಆಡಿಸಿದರೆ ಡಬ್ಬಿಯಲ್ಲಿ ಗುಳ್ಳೆ ಏಳುವುದು ಕಾಣುತ್ತದೆ. ನನಗೆ ಇದು ಪ್ರತಿಸಲವೂ ಕೆಲಸ ಮಾಡಿದೆ.

ಬಾಟಲಿಯ ವಿಷಯ ಒಂದು ಮಾತು. ಚಿಕ್ಕ ಬಾಟಲಿಯನ್ನೇ ಕೊಳ್ಳಿ. ತೆರೆದು ಕಪಾಟಿನಲ್ಲಿಟ್ಟ ಆಯಿಲ್ ಅಲ್ಲೇ ತೇವ ಕುಡಿಯುತ್ತಿರುತ್ತದೆ. ಡಾಟ್ 3, 4, 5.1 ಒಂದೇ ಜಾತಿ. ಆದರೆ ಡಾಟ್ 5 ಸಿಲಿಕೋನ್, ಅದನ್ನು ಇವುಗಳ ಜೊತೆ ಸೇರಿಸಲೇಬಾರದು. ಎಂಜಿನ್ ಆಯಿಲ್, ಡೀಸೆಲ್, ಪೆಟ್ರೋಲ್ ಯಾವುದೂ ಬ್ರೇಕಿನ ರಬ್ಬರ್ ಹತ್ತಿರ ಸುಳಿಯಬಾರದು. ಸೀಲುಗಳು ಊದಿಕೊಳ್ಳುತ್ತವೆ.

ಹೋಸಿನ ಉತ್ಸಾಹದಲ್ಲಿ ಜನ ಮರೆಯುವುದು ಕ್ಯಾಲಿಪರನ್ನು. ನನ್ನ ಕೈಗೆ ದೊಡ್ಡ ವ್ಯತ್ಯಾಸ ಕಂಡದ್ದು ಹೋಸಿನಿಂದಲ್ಲ, ಇದರಿಂದ. ನಮ್ಮ ಹೆಚ್ಚಿನ ಬೈಕುಗಳ ಕ್ಯಾಲಿಪರಿನಲ್ಲಿ ಪಿಸ್ಟನ್ ಒಂದೇ ಕಡೆ ಇರುತ್ತದೆ. ಪಿಸ್ಟನ್ ಒಂದು ಪ್ಯಾಡನ್ನು ತಳ್ಳುತ್ತದೆ, ಆಗ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಇನ್ನೊಂದು ಪ್ಯಾಡನ್ನು ಎಳೆದು ತರುತ್ತದೆ. ಆ ಪಿನ್ನುಗಳಿಗೆ ಕೆಸರು, ತುಕ್ಕು ಹಿಡಿದರೆ ಕ್ಯಾಲಿಪರ್ ಜಾರುವುದಿಲ್ಲ. ಒಂದು ಪ್ಯಾಡ್ ಸವೆದು ತಗಡಾಗಿರುತ್ತದೆ, ಇನ್ನೊಂದು ಹೊಸದರಂತಿರುತ್ತದೆ. ಪಿನ್ನು ಹೊರತೆಗೆದು ಒರೆಸಿ, ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿ ಕೂರಿಸಿದರೆ ಬೆರಳಿನಲ್ಲಿ ತಳ್ಳಿದರೂ ಜಾರುತ್ತದೆ. ಚಕ್ರದ ಬೇರಿಂಗಿನ ಗ್ರೀಸ್ ಇಲ್ಲಿಗೆ ಹಾಕಬೇಡಿ, ಅದೂ ರಬ್ಬರನ್ನು ಊದಿಸುತ್ತದೆ.

ಪಿಸ್ಟನ್ನಿನ ಸುತ್ತ ಒಂದು ಚೌಕ ಅಂಚಿನ ರಬ್ಬರ್ ಸೀಲ್ ಇರುತ್ತದೆ. ನನಗೆ ಇಡೀ ಬ್ರೇಕಿನಲ್ಲಿ ತುಂಬಾ ಇಷ್ಟವಾದ ಭಾಗ ಅದು. ಪಿಸ್ಟನ್ ಮುಂದೆ ಹೋದಾಗ ಸೀಲ್ ಅದರ ಜೊತೆ ಸ್ವಲ್ಪ ವಾಲುತ್ತದೆ. ಲಿವರ್ ಬಿಟ್ಟಾಗ ನೆಟ್ಟಗಾಗುತ್ತಾ ಪಿಸ್ಟನ್ನನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಸ್ಪ್ರಿಂಗ್ ಇಲ್ಲ, ಬೇರೆ ಏನೂ ಇಲ್ಲ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಆ ಸೀಲಿನಲ್ಲಿ ಜಾರಿ ಮುಂದೆ ಕೂರುತ್ತದೆ, ಹಾಗಾಗಿ ಡಿಸ್ಕ್ ಬ್ರೇಕನ್ನು ಯಾರೂ ಬಿಗಿಮಾಡಬೇಕಾಗಿಲ್ಲ. ಡಬ್ಬಿಯಲ್ಲಿ ಆಯಿಲ್ ಮಟ್ಟ ನಿಧಾನವಾಗಿ ಇಳಿಯುವುದೂ ಇದೇ ಕಾರಣಕ್ಕೆ. ಮಟ್ಟ ಇಳಿದಿದೆ ಅಂತ ಕೂಡಲೇ ತುಂಬಿಸಬೇಡಿ, ಮೊದಲು ಪ್ಯಾಡ್ ನೋಡಿ. ಪಿಸ್ಟನ್ ಮೇಲೆ ಧೂಳು ಗಟ್ಟಿಯಾಗಿ ಕೂತಾಗ ಅದನ್ನು ಹಾಗೇ ಒಳಗೆ ತಳ್ಳಿ ಹೊಸ ಪ್ಯಾಡ್ ಹಾಕುತ್ತಾರೆ. ಆ ಧೂಳೇ ಸೀಲನ್ನು ಗೀರುತ್ತದೆ. ಕ್ಯಾಲಿಪರ್ ಬಿಚ್ಚಿ, ಲಿವರ್ ಮೆಲ್ಲಗೆ ಒತ್ತಿ ಪಿಸ್ಟನ್ ಸ್ವಲ್ಪವೇ ಹೊರಗೆ ಬರುವಂತೆ ಮಾಡಿ, ಸೋಪು ನೀರು, ಹಳೆಯ ಟೂತ್‌ಬ್ರಷ್ಷಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ತಳ್ಳಿ. ಬ್ರೇಕ್ ಧೂಳನ್ನು ಬಾಯಿಂದಾಗಲೀ ಏರ್ ಪೈಪಿನಿಂದಾಗಲೀ ಊದಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಹೊಸ ಪ್ಯಾಡ್ ಹಾಕಿದ್ದರೆ ಖಾಲಿ ರಸ್ತೆಯಲ್ಲಿ ಹತ್ತಾರು ಸಲ 50ರಿಂದ 10ಕ್ಕೆ ಹದವಾಗಿ ವೇಗ ಇಳಿಸಿ, ಪೂರ್ತಿ ನಿಲ್ಲಿಸದೆ. ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುತ್ತದೆ. ಘಾಟಿಗೆ ಹೋಗುವುದು ಅದಾದ ಮೇಲೆ.

ನಾನು ಒಂದೊಂದನ್ನೇ ಮಾಡಿ, ನಡುವೆ ಓಡಿಸಿ ನೋಡಿದೆ. ಮೊದಲು ಪಿನ್ನು, ಪಿಸ್ಟನ್ ಶುಚಿ ಮಾಡಿದೆ. ಆಮೇಲೆ ಆಯಿಲ್. ಅದಾದ ಮೇಲೆ ಹೋಸ್. ಬ್ರೇಕಿನ ಬಲ ಬಂದದ್ದು ಮೊದಲನೆಯದರಲ್ಲಿ. ಘಾಟಿಯಲ್ಲಿ ನಂಬಿಕೆ ಬಂದದ್ದು ಎರಡನೆಯದರಲ್ಲಿ. ಹೋಸಿನಿಂದ ಸಿಕ್ಕಿದ್ದು ಬೆರಳಿನ ಸೂಕ್ಷ್ಮ. ಲಿವರ್ ಮೊದಲಿಗಿಂತ ಬೇಗ ಕಚ್ಚುತ್ತದೆ, ಎಷ್ಟು ಒತ್ತಿದರೆ ಎಷ್ಟು ಅನ್ನುವುದು ಸ್ಪಷ್ಟವಾಗಿ ತಿಳಿಯುತ್ತದೆ. ಮೊದಲೆರಡು ಕೆಲಸಕ್ಕೆ ಖರ್ಚಾದದ್ದು ಒಂದು ಚಿಕ್ಕ ಬಾಟಲಿ ಆಯಿಲ್ ಮತ್ತು ಸ್ವಲ್ಪ ಗ್ರೀಸಿನ ದುಡ್ಡು. ಹೋಸಿಗೆ ಅದರ ಎಷ್ಟೋ ಪಟ್ಟು. ಕೈಯಲ್ಲಿ ದುಡ್ಡು ಕಮ್ಮಿ ಇರುವ ಹುಡುಗರು ಹೋಸ್ ಇಲ್ಲ ಅಂತ ಬೇಸರಪಡಬೇಕಾಗಿಲ್ಲ, ಅಲ್ವಾ?

ಎಬಿಎಸ್ ಇರುವ ಬೈಕಿನವರಿಗೆ ಬೇರೆಯೇ ಮಾತು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ. ಅಲ್ಲಿ ಆಯಿಲ್ ಮಾಸ್ಟರ್ ಸಿಲಿಂಡರಿನಿಂದ ಎಬಿಎಸ್ ಪೆಟ್ಟಿಗೆಗೆ ಹೋಗಿ, ಅಲ್ಲಿಂದ ಕ್ಯಾಲಿಪರಿಗೆ ಹೋಗುತ್ತದೆ. ಪೆಟ್ಟಿಗೆಯೊಳಗೆ ಗಾಳಿ ಸೇರಿದರೆ ಕೈಯಿಂದ ತೆಗೆಯುವುದು ಕಷ್ಟ. ಒಳಗಿನ ಪಂಪು, ವಾಲ್ವುಗಳನ್ನು ಯಂತ್ರ ಜೋಡಿಸಿ ಓಡಿಸಬೇಕಾಗಬಹುದು. ಆಯಿಲ್ ಬದಲಾಯಿಸುವುದು ಮನೆಯಲ್ಲೇ ಆಗುತ್ತದೆ, ಡಬ್ಬಿ ಖಾಲಿಯಾಗದಂತೆ ನೋಡಿಕೊಂಡರೆ ಸಾಕು. ಹೋಸ್ ಬದಲಾಯಿಸುವುದನ್ನು ಮಾತ್ರ ಆ ಯಂತ್ರ ಇರುವವರ ಹತ್ತಿರವೇ ಮಾಡಿಸಿ. ಪಕ್ಕದಲ್ಲಿ ನಿಂತು ನೋಡಿ, ನಿಪ್ಪಲ್ಲಿನಿಂದ ತಿಳಿ ಬಣ್ಣದ ಆಯಿಲ್ ಬರುವವರೆಗೆ.

ಯಾರು ಮಾಡಿದರೂ ಕೊನೆಯ ಪರೀಕ್ಷೆ ಒಂದೇ. ಲಿವರನ್ನು ಜೋರಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ಅದು ನಿಧಾನವಾಗಿ ಒಳಗೆ ಸರಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ. ಬ್ಯಾಂಜೋಗಳ ಸುತ್ತ ಟಿಶ್ಯೂ ಕಾಗದ ಸುತ್ತಿ ನೋಡಿ, ಒಂದು ಹನಿ ಇದ್ದರೂ ಕಾಣುತ್ತದೆ. ಬೈಕನ್ನು ಎಂಜಿನ್ ಹಾಕದೆ ತಳ್ಳಿ ಎರಡೂ ಬ್ರೇಕ್ ಬೇರೆ ಬೇರೆ ಹಿಡಿದು ನೋಡಿ. ಆಮೇಲೆ ಮನೆಯ ರಸ್ತೆಯಲ್ಲೇ ನಡೆಯುವ ವೇಗದಲ್ಲಿ. ಒಂದು ವಾರ ಊರೊಳಗೆ ಓಡಿಸಿ, ಕಾಗದ ಸುತ್ತಿ ಇನ್ನೊಮ್ಮೆ ನೋಡಿದ ಮೇಲೆ ಕೊಟ್ಟಿಗೆಹಾರದ ಕಡೆ ಹೊರಡಿ.